ಊರೆಲ್ಲ ನೆಟ್ ಆರಿಸಿ ಕೂತ ವಾರ

ನಮ್ಮ ಆಫೀಸಿನ ಕಾಗದಪತ್ರದಲ್ಲಿ ಒಂದು ಕಾಲಕ್ಕೆ ನಾನು ‘ಪರೀಕ್ಷಾ ಅಧಿಕಾರಿ’ ಆಗಿದ್ದೆ. ಕರಿಬೇವು ತರಲು ಕಳಿಸಿದರೆ ಕೊತ್ತಂಬರಿ ತರುತ್ತೇನೆಂದು ನಮ್ಮಮ್ಮ ನನ್ನನ್ನು ಅಂಗಡಿಗೂ ಕಳಿಸುವುದಿಲ್ಲ. ಅಂಥವನ ಸಹಿ ಇಲ್ಲದೆ ನಮ್ಮ ಕಂಪನಿಗೆ ಸರ್ಕಾರದ ಸಬ್ಸಿಡಿ ಬರುತ್ತಿರಲಿಲ್ಲ. ಈ ಮಾತನ್ನು ಮನೆಯಲ್ಲಿ ಎದೆಯುಬ್ಬಿಸಿ ಹೇಳಿದಾಗ ಅಮ್ಮ ಒಲೆಯ ಕಡೆಯಿಂದ ತಿರುಗಲೂ ಇಲ್ಲ.

“ಅಂಗಾದ್ರೆ ಆ ಸರ್ಕಾರಕ್ಕೆ ಬೇರೆ ಯಾರೂ ದಿಕ್ಕಿಲ್ಲ ಅನ್ನು” ಅಂದಳು.

ಕಂಪನಿ ಎಂದರೆ ದೊಡ್ಡದೇನಲ್ಲ. ಬಂಗಾರಪೇಟೆಯ ಸ್ಟೇಷನ್ ಹತ್ತಿರ, ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆ. ಯಜಮಾನರನ್ನು ನಾವೆಲ್ಲ ಅಣ್ಣ ಎನ್ನುತ್ತೇವೆ. ಅವರು ಮೊದಲು ಕೇಬಲ್ ಟಿವಿ ನಡೆಸುತ್ತಿದ್ದರು. ಆಮೇಲೆ ಸರ್ಕಾರ ಹಳ್ಳಿಗಳಿಗೆ ನೆಟ್ ಕೊಡುವವರು ಬೇಕು ಎಂದಾಗ ಅರ್ಜಿ ಹಾಕಿ, ಸುತ್ತಲಿನ ಮೂರು ಹಳ್ಳಿ ಗಿಟ್ಟಿಸಿಕೊಂಡರು. ನಾನು ಕೆಜಿಎಫ್‌ನ ಮೈಸೂರು ಮೈನ್ಸ್‌ನ ಮನೆಯಿಂದ ಬಸ್ಸು ಹತ್ತಿ ಬಂದು, ಏಣಿ ಹೊತ್ತು, ಕಂಬ ಹತ್ತಿ, ಫೈಬರ್ ಎಳೆದು, ಕೂದಲಿಗಿಂತ ಸಣ್ಣ ಗಾಜಿನ ಎಳೆಗಳನ್ನು ಒಂದಕ್ಕೊಂದು ಬೆಸೆದು ಸಂಜೆಗೆ ವಾಪಸಾಗುತ್ತಿದ್ದೆ.

ನನಗೊಂದು ಚಟವಿದೆ. ಯಾರ ದನಿ ಕಿವಿಗೆ ಬಿದ್ದರೂ ಹತ್ತು ನಿಮಿಷದಲ್ಲಿ ಅದು ಗಂಟಲಿಗೆ ಇಳಿದುಬಿಡುತ್ತದೆ. ನಮ್ಮ ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು. ಹಾಗಾಗಿ ಮೂರು ಭಾಷೆಯಲ್ಲೂ ಬೈಸಿಕೊಂಡು ಬೆಳೆದೆ, ಬೈದವರ ದನಿಯಲ್ಲೇ ತಿರುಗಿ ಬೈಯುವುದನ್ನು ಕಲಿತೆ. ಅಣ್ಣನದು ಸುಲಭ. ಪ್ರತಿ ಮಾತಿನ ಕೊನೆಗೆ ‘ಅರ್ಥ ಆಯ್ತಲ್ಲ’ ಎಂದು ಒಂದು ಕೆಮ್ಮು. ನಮ್ಮ ವರದಿಗಳನ್ನು ನೋಡುವ ಬೆಂಗಳೂರಿನ ಆಫೀಸಿನ ಮೇಡಂ ಅವರದು ಇನ್ನೂ ಚೆಂದ: ‘ನೋಡಿ’ ಎಂದು ಶುರುಮಾಡಿ, ಒಂದು ಉಸಿರು ಬಿಟ್ಟು, ನಾವು ಸಣ್ಣ ಮಕ್ಕಳೆಂಬಂತೆ ನಿಧಾನಕ್ಕೆ ಮುಂದುವರಿಸುತ್ತಾರೆ. ನನ್ನ ದನಿಯನ್ನು ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ನೆಗಡಿ ಹಿಡಿದ ಮೇಕೆಯ ಹಾಗಿತ್ತು. ಅವತ್ತಿನಿಂದ ಆದಷ್ಟು ಬೇರೆಯವರದನ್ನೇ ಬಳಸುತ್ತೇನೆ.

ಸರ್ಕಾರ ನಮ್ಮಂಥ ಕಂಪನಿಗಳಿಗೆ ಸಬ್ಸಿಡಿ ಕೊಡುವುದು ಪುಣ್ಯಕ್ಕಲ್ಲ. ಸಣ್ಣ ಹಳ್ಳಿಗೆ ಕಂಬ ನೆಟ್ಟು ತಂತಿ ಎಳೆದರೆ ಯಾರಿಗೂ ಗಿಟ್ಟುವುದಿಲ್ಲ, ಅದಕ್ಕೆ ಸರ್ಕಾರ ಕೈಜೋಡಿಸುತ್ತದೆ. ಕೈಜೋಡಿಸಿದ ಮೇಲೆ, ಮಾತು ಕೊಟ್ಟಷ್ಟು ವೇಗ ಕೊಡುತ್ತಿದ್ದೀರಾ ಎಂದು ಕೇಳುತ್ತದೆ. ಬಾಯಿಮಾತಲ್ಲಿ ಹೇಳಿದರೆ ನಡೆಯುವುದಿಲ್ಲ. ಬೆಂಗಳೂರಿನವರೇ ಚೀಟಿ ಎತ್ತಿ ಹಳ್ಳಿಯನ್ನೂ ಮನೆಗಳನ್ನೂ ಆರಿಸುತ್ತಾರೆ. ಆ ಮನೆಗಳಲ್ಲಿ ರೂಟರಿನ ಪಕ್ಕ ಒಂದು ಬಿಳಿ ಡಬ್ಬ ಇಡಬೇಕು. ಏಳು ದಿನ, ಸಂಜೆ ಆರರಿಂದ ಜನ ಹೆಚ್ಚಾಗಿ ನೆಟ್ ಬಳಸುವ ಹೊತ್ತಿನಲ್ಲಿ, ಆ ಡಬ್ಬ ಗಂಟೆಗೊಮ್ಮೆ ತಾನಾಗಿಯೇ ಎರಡು ಕೆಲಸ ಮಾಡುತ್ತದೆ. ವೇಗ ಎಷ್ಟು ಎಂದು ಅಳೆಯುತ್ತದೆ; ಇಲ್ಲಿಂದ ಕೂಗಿದರೆ ಅಲ್ಲಿಂದ ‘ಓ’ ಅನ್ನಲು ಎಷ್ಟು ತಡವಾಗುತ್ತದೆ ಎಂದು ನೋಡುತ್ತದೆ. ಸರಿಯಿದ್ದರೆ ನಮ್ಮ ಕಂಪ್ಯೂಟರಿನಲ್ಲಿ ಹಸಿರು, ಇಲ್ಲದಿದ್ದರೆ ಕೆಂಪು. ವಾರ ಮುಗಿದ ಮೇಲೆ ಎಲ್ಲವನ್ನೂ ವರದಿಯಲ್ಲಿ ತುಂಬಿ, ‘ಇದು ಮಾಮೂಲು ಬಳಕೆಯ ನಿಜವಾದ ಚಿತ್ರ’ ಎಂಬ ಸಾಲಿನ ಕೆಳಗೆ ಪರೀಕ್ಷಾ ಅಧಿಕಾರಿ ಸಹಿ ಹಾಕಬೇಕು. ಪಾಸಾದರೆ ಪೂರ್ತಿ ಸಬ್ಸಿಡಿ, ಮತ್ತೆ ಒಂದು ವರ್ಷ ಆ ಊರಿನ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ. ಫೇಲಾದರೆ ಸಬ್ಸಿಡಿಗೆ ಕತ್ತರಿ, ಜೊತೆಗೆ ಗಡುವಿನೊಳಗೆ ಲೈನ್ ಸರಿಮಾಡಲೇಬೇಕು.

ಅಷ್ಟು ದೊಡ್ಡ ಹುದ್ದೆಗೆ ನನ್ನನ್ನೇ ಯಾಕೆ ಕೂರಿಸಿದಿರಿ ಎಂದು ಅಣ್ಣನನ್ನು ಕೇಳಿದ್ದೆ. “ನಿನ್ ಅಕ್ಷರ ಚೆನ್ನಾಗೈತೆ” ಎಂದಿದ್ದರು. ನಿಜವಾದ ಕಾರಣ ನನಗೆ ಗೊತ್ತು. ನಾನು ತಮಾಷೆಯವನು, ತಮಾಷೆಯವನು ಸಹಿ ಹಾಕುವ ಮೊದಲು ಓದುವುದಿಲ್ಲ ಎಂದು ಅವರ ಅಂದಾಜು. ಅಂದಾಜು ತೀರಾ ತಪ್ಪೇನೂ ಇರಲಿಲ್ಲ. ಅದಕ್ಕೆ ಹಿಂದಿನ ಎರಡು ವರದಿಗಳನ್ನು ನಾನು ಟೀ ಕುಡಿಯುತ್ತ ಮುಗಿಸಿದ್ದೆ.

ಆ ಸಲ ಚೀಟಿಯಲ್ಲಿ ಬಂದದ್ದು ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವೆ ಒಳರಸ್ತೆಯಲ್ಲಿರುವ ಹಳ್ಳಿ. ಹೆಸರು ಬೇಡ, ಊರಿನವರು ಓದಿದರೆ ಅವರಿಗೇ ಗೊತ್ತಾಗುತ್ತದೆ. ಅರ್ಧ ಊರು ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಗೋಡೌನು, ಗಾರೆ, ಗಾರ್ಮೆಂಟ್ಸ್ ಎಂದು ಮೈಮುರಿದು, ಸಂಜೆಯ ರೈಲಿನಲ್ಲಿ ವಾಪಸು ಬರುತ್ತದೆ. ಬಂದವರು ಕಾಲು ತೊಳೆದು ಮಾಡುವ ಮೊದಲ ಕೆಲಸ ಫೋನ್ ಹಿಡಿದು ಕೂರುವುದು, ಇಲ್ಲವೇ ಟಿವಿ ಹಾಕುವುದು; ಟಿವಿಯೂ ನಮ್ಮ ನೆಟ್ಟಿನಲ್ಲೇ ಬರುತ್ತದೆ. ಅಲ್ಲಿಗೆ ನೆಟ್ ಮಲಗಿತು. ಯಾಕೆ ಮಲಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಮೂರು ಹಳ್ಳಿಗೂ ಸೇರಿ ಬಂಗಾರಪೇಟೆಯಿಂದ ಹೋಗುವುದು ಒಂದೇ ಲೈನು, ಅದರಲ್ಲಿ ಮುಕ್ಕಾಲು ಪಾಲು ಎಳೆಯುವುದು ಈ ಊರೇ. ಹಳ್ಳಿಗಳಿಗೆಂದೇ ಸರ್ಕಾರಕ್ಕೆ ಬರೆದುಕೊಟ್ಟಿದ್ದ ಎರಡನೆಯ ಲೈನನ್ನು ಅಣ್ಣ ಹೆಚ್ಚು ದುಡ್ಡು ಕೊಡುವ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಿಗೆ ತಿರುಗಿಸಿದ್ದರು. ತಿರುಗಿಸಿದ್ದು ಅವರು, ಬಿಸಿಲಲ್ಲಿ ಶೀಟಿ ಹೊಡೆಯುತ್ತ ಅದನ್ನು ಎಳೆದವನು ನಾನು.

ಡಬ್ಬ ಇಡಬೇಕಾಗಿದ್ದ ಮೂರು ಮನೆಗಳಲ್ಲಿ ಒಂದು ಅಕ್ಕನ ಮನೆ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಹಾಗಾಗಿ ಅಕ್ಕ. ಗಂಡ ಬೆಂಗಳೂರಿನ ಗೋಡೌನಿನಲ್ಲಿ ಲೋಡಿಂಗ್ ಕೆಲಸ. ಅವಳು ಎರಡು ಹಸು ಕಟ್ಟಿಕೊಂಡು, ಕಳೆ ಕೀಳುವ ಕೂಲಿಗೂ ಹೋಗುತ್ತಿದ್ದಳು. ಮದುವೆಗೆ ಮುಂಚೆ ಡಿ.ಎಡ್. ಮುಗಿಸಿದ್ದಳು. ಈಗ ಮೇಷ್ಟರ ಅರ್ಹತಾ ಪರೀಕ್ಷೆಗೆ ಕಟ್ಟಿದ್ದಳು. ಅದಕ್ಕೆ ಪ್ರತಿ ಸಂಜೆ ಏಳರಿಂದ ಎಂಟೂವರೆಗೆ ಫೋನಿನಲ್ಲಿ ಕ್ಲಾಸು. ಒಂದೇ ಸಲ ನೋಡು, ಆಗದಿದ್ದರೆ ಆಮೇಲೆ ಆ ಮಾತು ಎತ್ತಬಾರದು ಎಂದು ಅತ್ತೆ ಕರಾರು ಹಾಕಿದ್ದರು.

ನಾನು ಡಬ್ಬ ಬಿಚ್ಚುತ್ತಿದ್ದಂತೆ ಅವಳು ಬಗ್ಗಿ ನೋಡಿದಳು.

“ಇದೇನ್ಲಾ ತಮ್ಮ, ಇಷ್ಟೇ ಇಷ್ಟು ಐತೆ. ಇದು ನೆಟ್ ಅಳೀತೈತಾ?”

“ಇದು ಬೆಂಗಳೂರಿನ ಕಿವಿ ಅಕ್ಕಾ. ಪಕ್ಕದಲ್ಲಿ ನಿಂತು ಬೈದ್ರೂ ಅಲ್ಲಿಗೆ ಕೇಳಿಸ್ತೈತೆ.”

“ಅಂಗಾ. ನಿಮ್ಮ ಆಫೀಸಿಗೆ ಫೋನ್ ಮಾಡಿ ಸಾಕಾಗೈತೆ, ಇನ್ಮೇಲೆ ಇದಕ್ಕೇ ಬೈತೀನಿ ಬಿಡು.”

ಆಮೇಲೆ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದಳು. ಮುಂದಿನ ಹಾಳೆಗಳಲ್ಲಿ ಪಾಠ. ಹಿಂದಿನಿಂದ ತಿರುಗಿಸಿದರೆ ನೆಟ್ ಕೈಕೊಟ್ಟ ಲೆಕ್ಕ, ದಿನಾಂಕ ಹಾಕಿ, ಗೆರೆ ಎಳೆದು, ಮುತ್ತಿನಂಥ ಅಕ್ಷರದಲ್ಲಿ.

‘7.12: ಸರ್ ಬಾಯಿ ತೆರೆದರು. 7.19: ಮುಚ್ಚಿದರು. ನಡುವೆ ಏನು ಹೇಳಿದರೋ ಗೊತ್ತಿಲ್ಲ.’

‘7.31: ಮಗುವಿನ ಕಲಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎಂದರೆ — ಕಟ್.’

“ಏನು ಮುಖ್ಯ ಅಂತ ಇವತ್ತಿನ ತಂಕ ಗೊತ್ತಾಗಿಲ್ಲ ಕಣ್ಲಾ” ಅಂದಳು. “ಅದನ್ನೇ ಪರೀಕ್ಷೇಲಿ ಕೇಳಿದ್ರೆ ಏನ್ ಬರೀಲಿ, ಕಟ್ ಅಂತ ಬರೀಲಾ?”

ನಾನು ಅವಳ ಸರ್ ಆಗಿ, ಒಂದು ಕೈ ಎತ್ತಿ, ಬಾಯಿ ತೆರೆದು, ರೆಪ್ಪೆ ಬಡಿಯದೆ ನಿಂತೆ. ಅವಳು ನಕ್ಕಳು. ನಗು ಕೇಳಿ ಅಕ್ಕಪಕ್ಕದ ನಾಲ್ಕು ಜನ ಬಂದರು. ಅವರ ಜೊತೆಗೆ ತಾತನೂ ಬಂದರು. ತಾತ ಹಿಂದೆ ಎರಡು ಸಲ ಪಂಚಾಯಿತಿ ಮೆಂಬರಾಗಿದ್ದವರು. ಈಗ ಮೆಂಬರಲ್ಲದಿದ್ದರೂ ಊರು ಅವರನ್ನು ಕೇಳದೆ ಕೆಮ್ಮುವುದಿಲ್ಲ. ಜನ ಸೇರಿದರೆ ನನ್ನ ಗಂಟಲು ಸುಮ್ಮನಿರುತ್ತದೆಯೇ. ಅಣ್ಣನ ದನಿ ತೆಗೆದೆ.

“ಲೇ, ಈ ಡಬ್ಬ ಫೇಲಾಯ್ತು ಅಂದ್ರೆ ನಿನ್ ಕೆಲ್ಸಕ್ಕೆ ಗೋವಿಂದಾನೇ, ಅರ್ಥ ಆಯ್ತಲ್ಲ” ಎಂದು ಕೆಮ್ಮಿದೆ.

ಎಲ್ಲರೂ ನಕ್ಕರು. ತಾತ ಮಾತ್ರ ನಗುತ್ತ ನಗುತ್ತ ನಿಲ್ಲಿಸಿಬಿಟ್ಟರು. ನಾನು ಗಮನಿಸಲಿಲ್ಲ. ಗಮನಿಸುವ ಬುದ್ಧಿ ಇದ್ದಿದ್ದರೆ ನಾನು ಈ ಕಥೆ ಬರೆಯುತ್ತಲೂ ಇರಲಿಲ್ಲ.

ಪರೀಕ್ಷೆ ಶುರುವಾಯಿತು. ಮೊದಲ ಸಂಜೆ ಹಸಿರು. ಎರಡನೆಯ ಸಂಜೆಯೂ ಹಸಿರು, ಅದೂ ರೈಲು ಬಂದ ಮೇಲಿನ ಹೊತ್ತಿನಲ್ಲಿ. ಮೂರು, ನಾಲ್ಕು, ಐದು, ಎಲ್ಲವೂ ಭತ್ತದ ಗದ್ದೆಯ ಹಾಗೆ ಹಸಿರೋ ಹಸಿರು. ಅಣ್ಣ ನನ್ನ ಬೆನ್ನು ತಟ್ಟಿದರು. ನಾನೇ ಬೆಸೆದ ಎಳೆಗಳಲ್ಲವೇ ಎಂದು ನಾನೂ ಒಂದು ದಿನ ಬೀಗಿದೆ. ಆಮೇಲೆ ಅನುಮಾನ ಬಂತು. ಯಾವ ಊರು ಎಷ್ಟು ನೆಟ್ ಬಳಸುತ್ತಿದೆ ಎಂದು ತೋರಿಸುವ ಗೆರೆ ನಮ್ಮ ಕಂಪ್ಯೂಟರಿನಲ್ಲಿ ಕಾಣುತ್ತದೆ. ಈ ಊರಿನ ಗೆರೆ ಸಂಜೆ ಏಳಕ್ಕೆ ಬೆಟ್ಟದ ಹಾಗೆ ಏಳಬೇಕು. ಅದು ಐದು ದಿನದಿಂದ ಆರು ಗಂಟೆಯಾದರೆ ಹಾಸಿಗೆ ಹಿಡಿದಿತ್ತು. ಎಲ್ಲೋ ಫೈಬರ್ ಕಡಿದಿದೆಯೇ? ಕಡಿದಿದ್ದರೆ ಡಬ್ಬಗಳು ಪಾಸಾಗುವುದು ಹೇಗೆ? ಆರನೆಯ ಸಂಜೆ ಆಫೀಸಿನ ಬೈಕ್ ಹತ್ತಿ ಹೊರಟೆ.

ಊರೊಳಗೆ ಕಾಲಿಟ್ಟಾಗ ಹೆಚ್ಚುಕಡಿಮೆ ಏಳೂಕಾಲು. ರೈಲಿನವರು ಬಂದಾಗಿತ್ತು. ಆದರೆ ಒಂದು ಮನೆಯಲ್ಲೂ ಟಿವಿಯ ಸದ್ದಿಲ್ಲ. ಜಗಲಿಗಳ ಮೇಲೆ ಜನ ಸಾಲಾಗಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಗಂಡಸರು ಕೂಡ. ಬೆಂಗಳೂರಿನಲ್ಲಿ ಮೂಟೆ ಹೊತ್ತು ಬಂದವರು, ಫೋನಿಲ್ಲದೆ ಕೈ ಎಲ್ಲಿಡುವುದೆಂದು ತಿಳಿಯದೆ, ಪಕ್ಕದ ಮನೆಯ ಕಾಯಿಯನ್ನೂ ಬಿಡಿಸಿಕೊಡುತ್ತಿದ್ದರು. ಅಕ್ಕ ತನ್ನ ಬಾಗಿಲಲ್ಲಿ ನೆನೆಸಿದ ಕಾಳು ಹಿಚುಕುತ್ತಿದ್ದಳು.

“ಅಕ್ಕಾ, ಇವತ್ತು ಕ್ಲಾಸ್ ಇಲ್ವಾ?”

“ಐತೆ.”

“ಮತ್ತೆ?”

“ನೀನು ಪಾಸಾಗ್ಬೇಕಲ್ಲ” ಅಂದಳು, ತಲೆ ಎತ್ತದೆ. ಬೆರಳ ಸಂದಿಯಿಂದ ಒಂದು ಕಾಳು ಜಾರಿ ತಟ್ಟೆಗೆ ಬಿತ್ತು.

ತಾತ ಪಂಚೆ ಸರಿಮಾಡಿಕೊಂಡು ಬಂದರು. ಮುಖದಲ್ಲಿ ಮದುವೆ ಮುಗಿಸಿದವರ ತೃಪ್ತಿ.

“ಡೇರಿ ಮೈಕಲ್ಲಿ ಕೂಗ್ಸಿಬಿಟ್ಟೆ. ಆರು ಗಂಟೆ ಮೇಲೆ ಒಬ್ರೂ ನೆಟ್ ಮುಟ್ಟಂಗಿಲ್ಲ. ಟಿವಿ ಇಲ್ಲ, ಫೋನ್ ಇಲ್ಲ. ಇರೋದೆಲ್ಲಾ ಆ ಮೂರು ಡಬ್ಬಕ್ಕೇ ಬಿಟ್ಟಿದೀವಿ. ಎಂಗೈತೆ ಈಗ? ಓಡ್ತಾ ಐತಾ?”

“ಓಡ್ತಾ ಐತೆ ತಾತ.”

“ನಿನ್ ಕೆಲ್ಸಕ್ಕೇನೂ ತೊಂದ್ರೆ ಇಲ್ಲವಲ್ಲ?”

ಆ ಊರಿಗೆ ಹೊರಗಿನಿಂದ ತಪಾಸಣೆ ಬರುತ್ತದೆ ಎಂದರೆ ಮರ್ಯಾದೆ ಉಳಿಸುವುದು ಎಲ್ಲರ ಕೆಲಸ. ಶಾಲೆಗೆ ಸಾಹೇಬರು ಬಂದರೆ ಭಜನೆ ಮನೆಯ ಜಮಖಾನ ಶಾಲೆಗೆ ಬರುತ್ತದೆ. ಡೇರಿಗೆ ಅಧಿಕಾರಿ ಬಂದರೆ ಯಾರದೋ ಮನೆಯ ಹೊಸ ಕ್ಯಾನು ಮುಂದಿನ ಸಾಲಿಗೆ ಬರುತ್ತದೆ. ಹೆಣ್ಣು ನೋಡಲು ಬಂದವರಿಗೆ ಪಕ್ಕದ ಮನೆಯ ಕುರ್ಚಿ ಹಾಕಿ ಕೂರಿಸುವ ಹಾಗೆ, ನನ್ನ ಡಬ್ಬಕ್ಕೆ ಊರಿನ ನೆಟ್ಟನ್ನೆಲ್ಲ ತಂದು ಹಾಸಿದ್ದರು. ಅಕ್ಕನ ಮನೆಯ ಡಬ್ಬಕ್ಕೆ ಕುಂಕುಮವೂ ಬಿದ್ದಿತ್ತು. ನಗಬೇಕಾಗಿತ್ತು. ಆದರೆ ಆರು ಕ್ಲಾಸು ಹೋಗಿದ್ದವು. ನಾಳೆಯದು ಸೇರಿ ಏಳು. ಈ ಹಸಿರು ವರದಿ ಬೆಂಗಳೂರು ಸೇರಿದರೆ, ಇನ್ನೊಂದು ವರ್ಷ ಸರ್ ಬಾಯಿ ತೆರೆದುಕೊಂಡೇ ನಿಂತಿರುತ್ತಾರೆ. ಅವಳಿಗೆ ಕೊಟ್ಟಿರುವುದು ಒಂದೇ ಸಲ.

ನನ್ನ ಕೆಲಸ ಹೋಗುತ್ತದೆ ಎಂದು ಅವರಿಗೆ ಹೇಳಿದ್ದು ಯಾರು? ನಾನೇ, ಅದೂ ಬೇರೆಯವರ ಗಂಟಲಲ್ಲಿ.

ಮಾರನೆಯ ಬೆಳಿಗ್ಗೆ ಅಣ್ಣ ಕಂಪ್ಯೂಟರಿನ ಮುಂದೆ ಕೂತು, ಮಗುವಿನ ಫೋಟೊ ನೋಡುವವರ ಹಾಗೆ, ಹಸಿರು ನೋಡುತ್ತಿದ್ದರು.

“ಅಣ್ಣಾ, ಈ ವಾರದ್ದು ಕಳ್ಸೋಕಾಗಲ್ಲ.”

“ಯಾಕ್ಲಾ? ಒಂದೂ ಕೆಂಪಿಲ್ಲ.”

“ಅದಕ್ಕೇ. ಊರೆಲ್ಲಾ ನೆಟ್ ಆರ್ಸಿ ಕೂತೈತೆ. ನಾವು ಪಾಸಾಗ್ಲಿ ಅಂತ.”

ಅಣ್ಣ ಕೆಮ್ಮು ಬರುವಷ್ಟು ನಕ್ಕರು. “ಎಂಥಾ ಜನಾನ್ಲಾ. ದೇವ್ರಂಥ ಜನ. ಅವ್ರಿಗೆ ಒಂದು ದೊಡ್ಡ ಬಾಕ್ಸು ಮೈಸೂರ್ ಪಾಕ್ ಕಳ್ಸೋಣ.”

“ನಾನು ಸೈನ್ ಹಾಕಲ್ಲ ಅಣ್ಣ.”

ಅವರು ಕಣ್ಣೊರೆಸಿಕೊಂಡರು. ಇನ್ನೂ ನಗುತ್ತಲೇ ಇದ್ದರು. “ಇದು ಯಾರ್ದು? ಡೇರಿ ಸೆಕ್ರೆಟರೀದಾ?”

“ಯಾರ್ದು ಅಂದ್ರೆ?”

“ವಾಯ್ಸು.”

“ನಂದೇ.”

“ಸುಮ್ನಿರ್ಲಾ. ನಿಂದು ಇಂಗಿರಲ್ಲ.”

ನಿಜ ಹೇಳುತ್ತೇನೆ, ನನಗೂ ಅದು ಪರಿಚಯವಿರಲಿಲ್ಲ. ಮೇಕೆಯ ನೆಗಡಿ ಹಾಗೇ ಇತ್ತು, ಆದರೆ ಮೇಕೆ ಹಗ್ಗ ಬಿಚ್ಚಿಕೊಂಡಿತ್ತು. ನಾನು ನಗದೆ ನಿಂತಿದ್ದನ್ನು ನೋಡಿ ಅಣ್ಣನ ನಗು ನಿಧಾನಕ್ಕೆ ಇಳಿಯಿತು.

“ನಾವೇನು ಮೋಸ ಮಾಡಿದ್ವಾ? ಡಬ್ಬ ತಿರುಚಿದ್ವಾ? ಅವ್ರಾಗೇ ಆರ್ಸಿದ್ರು, ನಾವು ಹೇಳಿದ್ವಾ? ಪಾಸಾದೋನು ಓಗಿ, ಸಾರ್ ನನ್ನ ಫೇಲ್ ಮಾಡಿ ಅಂತ ಯಾವನಾದ್ರೂ ಕೇಳ್ತಾನಾ?”

“ಪಾಸಾಗಿರೋದು ಊರಿನೋರು ಅಣ್ಣ. ನಮ್ಮ ಲೈನ್ ಪರೀಕ್ಷೆಗೇ ಕೂತಿಲ್ಲ.”

“ಓ. ಪಾಠ ಬೇರೆ.”

“ಎರಡನೇ ಲೈನ್ ಎಲ್ಲೈತೆ ಅಂತ ಅವ್ರು ಕೇಳಿದ್ರೆ?”

“ಎಳೆದೋನು ನೀನೇ ಅಲ್ವೇನ್ಲಾ.”

“ಅದಕ್ಕೇ ಗೊತ್ತು ನಂಗೆ.”

ಅಣ್ಣ ಎದ್ದು ಕಿಟಕಿಯ ಹತ್ತಿರ ಹೋದರು. ಕೆಟ್ಟ ಮನುಷ್ಯರಲ್ಲ. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಮೂರು ದಿನ ಊಟದ ಕ್ಯಾರಿಯರ್ ಹೊತ್ತು ಬಂದವರು ಅವರೇ. ಅದು ನೆನಪಾಗಿ ನನಗೆ ಹಿಂಸೆಯಾಯಿತು, ಆದರೂ ಮಾತು ಹಿಂದೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

“ನಾಳೆ ಐದು ಗಂಟೆಗೆ ವರದಿ ಓಗ್ಬೇಕು” ಎಂದರು, ಹೊರಗೆ ನೋಡುತ್ತ. “ಸೈನ್ ಹಾಕೋಕೆ ಬೇರೆಯೋರು ಸಿಕ್ತಾರೆ. ಕಂಬ ಹತ್ತೋಕೂ ಸಿಕ್ತಾರೆ. ಯೋಚ್ನೆ ಮಾಡು. ಅರ್ಥ ಆಯ್ತಲ್ಲ.” ಆ ಸಲ ಕೆಮ್ಮಲಿಲ್ಲ.

ಬೇರೆಯವರು ಸಿಗಬಹುದು, ಆದರೆ ಒಂದೇ ದಿನದಲ್ಲಲ್ಲ. ಪರೀಕ್ಷಾ ಅಧಿಕಾರಿಯನ್ನು ಬದಲಿಸಲು ಬೆಂಗಳೂರಿಗೆ ಪತ್ರ ಬರೆದು ಒಪ್ಪಿಗೆ ಪಡೆಯಬೇಕು. ಅಲ್ಲಿಯವರೆಗೆ ಪಾಸ್‌ವರ್ಡೂ ನನ್ನದು, ಸಹಿಯೂ ನನ್ನದು. ಮಾರನೆಯ ಮಧ್ಯಾಹ್ನ, ಅಣ್ಣ ಊಟಕ್ಕೆ ಹೋದಾಗ, ಕಂಪ್ಯೂಟರಿನ ಮುಂದೆ ಕೂತೆ. ಒಂದು ಸುಲಭದ ದಾರಿ ಹೊಳೆಯಿತು: ಅಣ್ಣನ ದನಿಯಲ್ಲಿ ಮೇಡಂಗೆ ಫೋನ್ ಮಾಡಿ, ನಮ್ಮ ಪರೀಕ್ಷೆ ಸರಿಯಾಗಿಲ್ಲ, ಇನ್ನೊಂದು ವಾರ ಕೊಡಿ, ಅರ್ಥ ಆಯ್ತಲ್ಲ, ಎಂದು ಕೆಮ್ಮಿಬಿಡುವುದು. ಐದು ನಿಮಿಷದ ಕೆಲಸ. ಫೋನೂ ಕೈಗೆತ್ತಿಕೊಂಡೆ. ಮತ್ತೆ ಇಟ್ಟೆ. ಸಹಿಯನ್ನು ಯಾರ ದನಿಯಲ್ಲಿ ಹಾಕಲಿ?

ವರದಿಯ ಕೊನೆಗೆ ‘ಷರಾ’ ಎಂಬ ಖಾನೆ ಇರುತ್ತದೆ. ಅದರಲ್ಲಿ ಎಲ್ಲರೂ ‘ಏನಿಲ್ಲ’ ಎಂದು ಬರೆಯುತ್ತಾರೆ. ನಾನು ಹಿಂದಿನ ಎರಡು ಸಲ ಅಷ್ಟೂ ಬರೆಯದೆ ಬಿಟ್ಟಿದ್ದೆ. ಈ ಸಲ ಬರೆದೆ:

‘ಪರೀಕ್ಷೆಯ ಏಳೂ ಸಂಜೆ ಗ್ರಾಮಸ್ಥರು, ಕಂಪನಿಗೂ ನನಗೂ ಒಳ್ಳೆಯದಾಗಲೆಂದು, ತಾವಾಗಿಯೇ ಇಂಟರ್ನೆಟ್ ಬಳಸದೆ ಕುಳಿತಿದ್ದರು. ಆದ್ದರಿಂದ ಇದು ಮಾಮೂಲು ಬಳಕೆಯ ಚಿತ್ರವಲ್ಲ. ಆ ಸಾಲಿಗೆ ನಾನು ಸಹಿ ಮಾಡುವುದಿಲ್ಲ. ಮರುಪರೀಕ್ಷೆ ಕೋರುತ್ತೇನೆ.’

ಮಲಗಿದ ಗೆರೆಯ ಚಿತ್ರ ಸೇರಿಸಿದೆ. ಅಕ್ಕನನ್ನು ಫೋನಿನಲ್ಲಿ ಕೇಳಿ, ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ಫೋಟೊ ತರಿಸಿ ಅದನ್ನೂ ಸೇರಿಸಿದೆ. ಕಳಿಸುವ ಗುಂಡಿ ಒತ್ತುವಾಗ ಬೆರಳು ನಡುಗಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಡುಗಲಿಲ್ಲ. ಹಸಿವಾಗಿತ್ತು, ಕೆಳಗೆ ಹೋಗಿ ಎರಡು ಪ್ಲೇಟ್ ಚಿತ್ರಾನ್ನ ತಿಂದೆ.

ಊಟ ಮುಗಿಸಿ ಬಂದ ಅಣ್ಣನಿಗೆ ನಾನೇ ಹೇಳಿದೆ. ಅವರು ನನ್ನ ಜೊತೆ ಮಾತು ಬಿಟ್ಟರು. ಬೈಕಿನ ಕೀಲಿ ವಾಪಸು ತೆಗೆದುಕೊಂಡರು. ಎರಡು ದಿನ ಆಫೀಸಿನಲ್ಲಿ ನಾನು ಏಣಿಯ ಪಕ್ಕ ಇನ್ನೊಂದು ಏಣಿಯ ಹಾಗೆ ಒರಗಿಕೊಂಡು ನಿಂತಿದ್ದೆ. ಮೂರನೆಯ ದಿನ ಮೇಡಂ ಅವರ ಫೋನ್ ಬಂತು.

“ನೋಡಿ” ಎಂದು ಉಸಿರು ಬಿಟ್ಟರು. “ನಮಗೆ ಇದುವರೆಗೆ ಇಂಥ ವರದಿ ಬಂದಿಲ್ಲ. ಗ್ರಾಹಕರು ನೆಟ್ ಬಳಸಲಿಲ್ಲ ಎಂದು ಕಂಪನಿಯೇ ಹೇಳುತ್ತಿದೆಯೇ?”

“ಕಂಪನಿ ಅಲ್ಲ ಮೇಡಂ, ನಾನು.”

“ನೀವು ಕಂಪನಿಯವರೇ ಅಲ್ಲವೇ?”

“ಸದ್ಯಕ್ಕೆ.”

ಆ ಕಡೆ ಹಾಳೆ ತಿರುಗಿಸಿದ ಸದ್ದು. “ಈ ನೋಟ್‌ಬುಕ್ ಬರೆದವರು... ಕಲಿಕೆಯಲ್ಲಿ ಮುಖ್ಯವಾದದ್ದು ಏನು ಎಂದು ಅವರಿಗೆ ಆಮೇಲಾದರೂ ಗೊತ್ತಾಯಿತೇ?”

“ಇಲ್ಲ ಮೇಡಂ.”

“ಸೋಮವಾರದಿಂದ ಮತ್ತೆ ಏಳು ದಿನ” ಎಂದರು. “ಈ ಸಲ ಅವರಿಗೆ ಬಳಸಲು ಹೇಳಿ.”

ಹೇಳುವುದೇ ಕಷ್ಟವಾಯಿತು. ಬಸ್ಸಿಳಿದು ಊರಿಗೆ ನಡೆದುಕೊಂಡು ಹೋದೆ. ಡೇರಿಯ ಮುಂದೆ ಸಂಜೆಯ ಹಾಲು ಹಾಕಲು ಊರೇ ಸೇರಿತ್ತು. ವಿಷಯ ಹೇಳಿದೆ. ತಾತನ ಮುಖ ಇಳಿಯಿತು.

“ನಮ್ಮೂರು ಯಾವತ್ತೂ ಯಾವುದ್ರಲ್ಲೂ ಫೇಲಾಗಿಲ್ಲ ಕಣಪ್ಪಾ.”

“ಎಸ್ಸೆಸ್ಸೆಲ್ಸಿ ಬಿಟ್ಟು” ಎಂದು ಹಾಲಿನ ಸಾಲಿನಿಂದ ಯಾರೋ ಅಂದರು.

“ನೀನು ಸುಮ್ಕಿರು. ಏನಪ್ಪಾ, ನಿನ್ನ ಫೇಲ್ ಮಾಡ್ಸೋಕೆ ನಾವೇ ಕೈ ಹಾಕ್ಬೇಕಾ? ನಿನ್ ಕೆಲ್ಸದ ಗತಿ?”

“ಹೋದ್ರೆ ಹೋಗ್ಲಿ ತಾತ.”

ನಾಲ್ಕು ಜನ ನಕ್ಕರು. “ಹೀರೋ ಡೈಲಾಗು” ಎಂದು ಒಬ್ಬರು ಮೆಚ್ಚಿಕೊಂಡರು. ನಿಜ ಹೇಳಿದಾಗಲೆಲ್ಲ ಜನ ನನಗೆ ಚಪ್ಪಾಳೆ ಹೊಡೆಯುತ್ತಾರೆ. ಇದು ನಾನು ನನ್ನ ಕೈಯಾರೆ ತಂದುಕೊಂಡದ್ದು. ಇನ್ನೇನು ಹೇಳಲಿ ಎಂದು ನಿಂತಿದ್ದಾಗ, ಸಾಲಿನಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಿದ್ದ ಅಕ್ಕ ಕ್ಯಾನನ್ನು ನೆಲಕ್ಕಿಟ್ಟಳು.

“ತಾತ, ಏಳು ದಿನ ನಾನು ಕ್ಲಾಸು ಬಿಟ್ಟೆ. ನೀವು ಅಂದ್ರಿ, ಬಿಟ್ಟೆ. ಇನ್ನ ಬಿಡಲ್ಲ. ನೀವು ಮೈಕಲ್ಲಿ ಕೂಗ್ಸಿದ್ರೂ ಆರ್ಸಲ್ಲ.”

“ಅಲ್ಲಮ್ಮಾ, ಎಲ್ರೂ ಹಾಕ್ಕೊಂಡ್ರೆ ನಿನ್ ಕ್ಲಾಸು ಮತ್ತೆ ಕೆಟ್ಟೋಯ್ತದಲ್ಲ.”

“ದಿನಾ ಕೆಡ್ತಿರ್ಲಿಲ್ವಾ? ಆಗ ಯಾರಿಗೆ ಕಾಣಿಸ್ತು? ನಾನೊಬ್ಳೇ ಬರ್ಕೊಂಡು ಕೂತಿದ್ದೆ. ಕೆಟ್ಟೋಗ್ಲಿ. ಆದ್ರೆ ಈ ಸಲ ಬೆಂಗ್ಳೂರೋರ ಕಣ್ಮುಂದೆ ಕೆಟ್ಟೋಗ್ಲಿ. ನಿಮ್ ಸೀರಿಯಲ್ಲು ನೀವು ನೋಡಿ, ನನ್ ಪಾಠ ನಾನು ಕೇಳ್ತೀನಿ. ಯಾರ್ದು ನಿಂತ್ರೂ ಸರಿ.”

ಅತ್ತೆ ಹಿಂದೆಯೇ ನಿಂತಿದ್ದರು. ಸೊಸೆ ಊರ ಮುಂದೆ ಹೀಗೆ ಮಾತಾಡಿದ್ದಕ್ಕೆ ಬೈಯುತ್ತಾರೆಂದು ಎಲ್ಲರೂ ಅವರ ಕಡೆ ನೋಡಿದರು. ಅವರು ಸೊಸೆಯ ಕ್ಯಾನನ್ನು ಎತ್ತಿಕೊಂಡು, “ಸಾಲು ಮುಂದಕ್ಕೋಗೈತೆ, ನಡಿ” ಎಂದರು, ಅಷ್ಟೇ.

ಸೋಮವಾರ ಸಂಜೆ ನಾನು ಅಕ್ಕನ ಮನೆಯಲ್ಲೇ ಕೂತಿದ್ದೆ. ರೈಲಿನವರು ಬಂದರು. ಒಂದೊಂದೇ ಮನೆಯಲ್ಲಿ ಟಿವಿ ಮಾತಾಡತೊಡಗಿತು. ತಾತನ ಮನೆಯಿಂದ ಕುಸ್ತಿಯ ಸದ್ದು ಎಲ್ಲಕ್ಕಿಂತ ಜೋರಾಗಿ ಬಂತು. ಒಪ್ಪಿದ ಮೇಲೆ ತಾತ ಅರ್ಧಂಬರ್ಧ ಮಾಡುವವರಲ್ಲ. ಏಳು ಹತ್ತಾಗಿರಬಹುದು, ಅಕ್ಕನ ಫೋನಿನಲ್ಲಿ ಸರ್ ಒಂದು ಕೈ ಎತ್ತಿ, ಬಾಯಿ ತೆರೆದು, ಹಾಗೇ ನಿಂತರು. ಅಕ್ಕ ಪೆನ್ನಿನ ಮುಚ್ಚಳ ತೆಗೆಯುತ್ತ ನನ್ನ ಕಡೆ ನೋಡಿದಳು.

“ನೋಡ್ದಾ” ಅಂದಳು. ಅವಳಿಗೆ ಆ ಹೊತ್ತು ಹೆಮ್ಮೆಯೇ ಆಗಿತ್ತು.

ಏಳೂ ಸಂಜೆ, ರೈಲು ಬಂದ ಮೇಲೆ ಕೆಂಪು. ಜೀವನದಲ್ಲಿ ಎಷ್ಟೋ ಪರೀಕ್ಷೆಗಳಲ್ಲಿ ಫೇಲಾಗಿದ್ದೇನೆ, ಇಷ್ಟು ತಲೆಯೆತ್ತಿಕೊಂಡು ಎಂದೂ ಆಗಿರಲಿಲ್ಲ. ‘ಇದು ಮಾಮೂಲು ಬಳಕೆಯ ನಿಜವಾದ ಚಿತ್ರ’ ಎಂಬ ಸಾಲನ್ನು ಎರಡು ಸಲ ಓದಿ, ಅದರ ಕೆಳಗೆ ನನ್ನ ಪೂರ್ತಿ ಹೆಸರಿನ ಸಹಿ ಹಾಕಿದೆ.

ನೋಟಿಸು ಬಂತು. ಸಬ್ಸಿಡಿಗೆ ಕತ್ತರಿ ಬಿತ್ತು, ಗಡುವೂ ಬಿತ್ತು. ನನ್ನ ಅಧಿಕಾರ ಕಿತ್ತುಕೊಂಡು ಅಣ್ಣ ತಮ್ಮ ಭಾವಮೈದನಿಗೆ ಕೊಟ್ಟರು. ನನ್ನನ್ನು ಮನೆಗೆ ಕಳಿಸಲಿಲ್ಲ. ಅದು ಪ್ರೀತಿಗಲ್ಲ, ಎರಡನೆಯ ಲೈನ್ ಯಾವ ಕಂಬದಿಂದ ಯಾವ ಕಂಬಕ್ಕೆ, ಯಾರ ಮಾಳಿಗೆಯ ಮೇಲಿಂದ ಹೋಗಿದೆ ಎಂದು ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. “ಎಳೆದೋನೇ ಬಿಚ್ಚು” ಎಂದು ಏಣಿ ತೋರಿಸಿದರು. ತಿಂಗಳ ಮೇಲೆ ಅವರು ನನಗೆ ಆಡಿದ ಮೊದಲ ಮಾತು ಅದು. ರಾಬರ್ಟ್‌ಸನ್‌ಪೇಟೆಯ ಅಂಗಡಿಯವರು ಕೆಳಗೆ ನಿಂತು ಮೂರು ಭಾಷೆಯಲ್ಲಿ ಬೈದರು. ನಾನು ಮೇಲಿನಿಂದ ಮೂರು ಭಾಷೆಯಲ್ಲೂ, ಅವರವರ ದನಿಯಲ್ಲೇ, ನಮಸ್ಕಾರ ಹೇಳಿದೆ.

ಹಳ್ಳಿಯ ಕೊನೆಯ ಬೆಸುಗೆ ಅಕ್ಕನ ಮನೆಯ ಎದುರಿನ ಕಂಬದಲ್ಲಿ. ಬೆಸುಗೆ ಮುಗಿಸಿ ಹೊಸ ಲೈನ್ ಹಚ್ಚುವಷ್ಟರಲ್ಲಿ ಏಳು ದಾಟಿತ್ತು. ಇನ್ನು ಕಟ್ಟು ಬಿಗಿದು ಪೆಟ್ಟಿಗೆ ಮುಚ್ಚುವ ಕೆಲಸ ಬಾಕಿ. ಕೆಳಗೆ ತಾತ ಟಾರ್ಚ್ ಹಿಡಿದು ನಿಂತಿದ್ದರು.

“ಏನಪ್ಪಾ, ನಿಮ್ ಯಜಮಾನ್ರು ಏನಂದ್ರು? ಅವ್ರಂಗೇ ಹೇಳು, ಕೇಳಾನ.”

ನಾನು ಗಂಟಲು ಸರಿಮಾಡಿಕೊಂಡು, ಕಂಬಕ್ಕೆ ಒಂದು ಕೈ ಕೊಟ್ಟು ಶುರುಮಾಡಿದೆ. ಎರಡು ಮಾತೂ ಆಗಿರಲಿಲ್ಲ, ಅಕ್ಕ ಬಾಗಿಲಿಗೆ ಬಂದಳು.

“ಲೇ, ಬಾಯಿ ಮುಚ್ಕೊಂಡು ಕೆಲ್ಸ ಮಾಡ್ಲಾ. ಸರ್ ಮಾತಾಡ್ತಾವ್ರೆ. ತಾತ, ನೀವೂ ಅಷ್ಟೇ.”

ಬಾಗಿಲು ತೆರೆದೇ ಇತ್ತು. ಒಳಗಿನಿಂದ ಸರ್ ಅವರ ದನಿ ಬಂತು. ಒಂದು ಸಾಲು ತುಂಡಾಗದೆ ಮುಗಿಯಿತು, ಇನ್ನೊಂದು ಶುರುವಾಯಿತು, ಅದೂ ಮುಗಿಯಿತು. ಆ ಮನುಷ್ಯ ಅಸಲಿಗೆ ಇಷ್ಟು ಬೇಗ ಬೇಗ ಮಾತಾಡುವವರು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕನ ಪರೀಕ್ಷೆಗೆ ಇನ್ನೂ ಎಂಟು ವಾರ ಇತ್ತು. ತಾತ ಟಾರ್ಚನ್ನು ನನ್ನ ಕೈಗಳ ಮೇಲೆ ಅಲುಗಾಡದಂತೆ ಹಿಡಿದರು. ನಾನು ಬಾಯಿ ಮುಚ್ಚಿಕೊಂಡು ಕಟ್ಟು ಬಿಗಿದೆ.